ರಟ್ಟಿನ ಟೋಪಿ ತೊಟ್ಟ ಹುಡುಗ

ಪ್ರೈಮರಿ ಶಾಲೆಯ ಛದ್ಮವೇಷ ಸ್ಪರ್ಧೆ ಯಾರಿಗೆ ನೆನಪಿಲ್ಲ ಹೇಳಿ? ಅಜ್ಜನ ಪಂಚೆ, ಒಂದು ಕೋಲು, ಗುಂಡು ಕನ್ನಡಕ ಸಿಕ್ಕರೆ ಗಾಂಧೀಜಿ. ಅಮ್ಮನ ಸೀರೆಗೆ ಕಚ್ಚೆ ಹಾಕಿ ಕೈಗೆ ರಟ್ಟಿನ ಕತ್ತಿ ಕೊಟ್ಟರೆ ಕಿತ್ತೂರು ಚೆನ್ನಮ್ಮ. ಎರಡು ನಿಮಿಷ ವೇದಿಕೆ ಮೇಲೆ ನಿಂತು ಬಾಯಿಪಾಠ ಮಾಡಿದ ಮಾತು ಒಪ್ಪಿಸಿ, ಸ್ಟೀಲ್ ಲೋಟವನ್ನೋ ಡಬ್ಬಿಯನ್ನೋ ಬಹುಮಾನವಾಗಿ ಪಡೆದು ಮನೆಗೆ ಬಂದರೆ ವೇಷದ ಕಥೆ ಮುಗಿಯಿತು. ಆಮೇಲೆ ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ. ವೇಷ ಹಾಕಲು ಯಾರಿಗೂ ಪುರುಸೊತ್ತಿಲ್ಲ.

ನೂರು ವರ್ಷಕ್ಕೂ ಹಿಂದೆ ಅಮೆರಿಕದ ಕಾನ್ಸಾಸ್ ಸಿಟಿಯ ಬೆಂಟನ್ ಶಾಲೆಯಲ್ಲಿ ಐದನೇ ತರಗತಿಯ ಹುಡುಗನೊಬ್ಬ ಹೀಗೇ ಒಂದು ವೇಷ ಹಾಕಿದ. ಅವತ್ತು ಅಧ್ಯಕ್ಷ ಅಬ್ರಹಾಂ ಲಿಂಕನ್ ಹುಟ್ಟುಹಬ್ಬ. ಹುಡುಗ ಅಪ್ಪನ ಉದ್ದ ಕೋಟು ಹಾಕಿಕೊಂಡ. ರಟ್ಟನ್ನು ಕೊಳವೆಯಂತೆ ಸುತ್ತಿ, ಮೇಲೆ ಬೂಟ್ ಪಾಲಿಶ್ ಬಳಿದು, ಲಿಂಕನ್ನನ ಎತ್ತರದ ಕಪ್ಪು ಟೋಪಿ ಮಾಡಿಕೊಂಡ. ಗಡ್ಡ ಅಂಟಿಸಿಕೊಂಡ. ಲಿಂಕನ್ ಮುಖದ ಮೇಲಿದ್ದ ಗಂಟನ್ನೂ ಮರೆಯಲಿಲ್ಲ. ಗೆಟಿಸ್‌ಬರ್ಗ್ ಭಾಷಣವನ್ನು ಪೂರ್ತಿ ಬಾಯಿಪಾಠ ಮಾಡಿಕೊಂಡು ಶಾಲೆಗೆ ಬಂದ. ಸ್ಪರ್ಧೆ ಏನೂ ಇರಲಿಲ್ಲ, ಮಾಡು ಎಂದು ಯಾರೂ ಹೇಳಿರಲೂ ಇಲ್ಲ. ಹೆಡ್‌ಮಾಸ್ಟರು ನೋಡಿ ಎಷ್ಟು ಖುಷಿಪಟ್ಟರೆಂದರೆ, ಹುಡುಗನನ್ನು ಒಂದೊಂದೇ ತರಗತಿಗೆ ಕರೆದುಕೊಂಡು ಹೋಗಿ ಭಾಷಣ ಮಾಡಿಸಿದರು. ಆ ಶಾಲೆ ಬಿಡುವವರೆಗೆ ಪ್ರತಿ ವರ್ಷ ಅವನದೇ ಲಿಂಕನ್ ವೇಷ.

ಆ ಹುಡುಗನ ಹೆಸರು ವಾಲ್ಟ್ ಡಿಸ್ನಿ. ನಮಗೆಲ್ಲ ಮಿಕ್ಕಿ ಮೌಸ್ ಕೊಟ್ಟವನು. ಅವನ ಬದುಕಿನ ಬಗ್ಗೆ ಬರೆದವರೆಲ್ಲ ಮಿಕ್ಕಿಯಿಂದಲೇ ಶುರು ಮಾಡುತ್ತಾರೆ. ನನಗೆ ಮಾತ್ರ ಈ ರಟ್ಟಿನ ಟೋಪಿಯೇ ಮುಖ್ಯವಾಗಿ ಕಂಡಿತು. ಅದಕ್ಕೆ ಕಾರಣವಿದೆ.

ನಾನು ಬಿ.ಇ. ಮೆಕ್ಯಾನಿಕಲ್ ಮೂರನೇ ವರ್ಷದ ವಿದ್ಯಾರ್ಥಿ. ಶಾಲೆಯಿಂದ ಬಂದವರೇ ಬ್ಯಾಗ್ ಬಿಸಾಕಿ ಮಿಕ್ಕಿ ಮೌಸ್ ನೋಡಲು ಟಿ.ವಿ. ಮುಂದೆ ಕೂರುತ್ತಿದ್ದ ತಲೆಮಾರು ನಮ್ಮದು. ಈ ವರ್ಷ ಕಾಲೇಜಿನ ಉತ್ಸವಕ್ಕೆ ಬಾಡಿಗೆ ವೇಷ ತರುವ ಬದಲು ಮಿಕ್ಕಿಯ ವೇಷವನ್ನು ನಾನೇ ಮಾಡುತ್ತೇನೆ ಎಂದು ಒಪ್ಪಿಕೊಂಡೆ. ಮೂರು ವಾರ ಹಾಸ್ಟೆಲ್ ಕೋಣೆ ತುಂಬ ರಟ್ಟು, ಫೋಮ್ ಶೀಟ್, ಫೆವಿಕಾಲ್ ವಾಸನೆ. ತಲೆಗೆ ಬಿದಿರಿನ ದೊಡ್ಡ ಬುಟ್ಟಿ ಮಗುಚಿ ಹಾಕಿದೆ. ಅದರ ಮೇಲೆ ಫೋಮ್, ಫೋಮ್ ಮೇಲೆ ಕಪ್ಪು ವೆಲ್ವೆಟ್. ಭಾರ ಕತ್ತಿನ ಮೇಲೆ ಬೀಳಬಾರದು ಎಂದು ಒಳಗೊಂದು ಚೌಕಟ್ಟು ಕಟ್ಟಿ ಹೆಗಲ ಮೇಲೆ ಕೂರಿಸಿದೆ. ನಮ್ಮ ಜಾತ್ರೆಗಳಲ್ಲಿ ಬಿದಿರಿನ ಚೌಕಟ್ಟಿನೊಳಗೆ ಮನುಷ್ಯ ನಿಂತು ಹೊತ್ತು ಕುಣಿಯುವ ಗಾರುಡಿ ಗೊಂಬೆಗಳನ್ನು ನೋಡಿದ್ದರಿಂದ ಬಂದ ಉಪಾಯ ಅದು. ಒಳಗೆ ಬೆವರಿಗೆ ಉಸಿರು ಕಟ್ಟುತ್ತದೆ, ಅದಕ್ಕೆ ಹಳೆ ಕಂಪ್ಯೂಟರಿನ ಚಿಕ್ಕ ಫ್ಯಾನೊಂದನ್ನು ಬ್ಯಾಟರಿಗೆ ಜೋಡಿಸಿದೆ. ನೋಡಲು ಬಾಯಿಯ ಜಾಗದಲ್ಲಿ ಕಪ್ಪು ಜಾಲರಿ.

ಎಲ್ಲ ಸರಿಯಾಯಿತು, ಕಿವಿ ಮಾತ್ರ ಬಗ್ಗಲಿಲ್ಲ. ಮಿಕ್ಕಿಯ ಚಿತ್ರಗಳನ್ನು ಗಮನಿಸಿ ನೋಡಿ. ಅವನು ಎದುರಿಗೆ ನೋಡಲಿ, ಪಕ್ಕಕ್ಕೆ ತಿರುಗಲಿ, ಕಿವಿಗಳು ಎರಡು ಪೂರ್ಣ ವೃತ್ತಗಳೇ. ಕಾಗದದ ಮೇಲೆ ಅದು ಸಾಧ್ಯ. ಆದರೆ ಫೋಮಿನಲ್ಲಿ ಕತ್ತರಿಸಿ ಅಂಟಿಸಿದ ಕಿವಿ, ತಲೆ ಪಕ್ಕಕ್ಕೆ ತಿರುಗಿದ ಕೂಡಲೇ ದೋಸೆಯನ್ನು ಅಂಚಿನಿಂದ ನೋಡಿದಂತೆ ಒಂದು ಗೆರೆಯಾಗಿಬಿಡುತ್ತದೆ. ಎಂಜಿನಿಯರಿಂಗ್ ಡ್ರಾಯಿಂಗಿನಲ್ಲಿ ಮುಂಭಾಗದ ನೋಟ, ಪಾರ್ಶ್ವ ನೋಟ ಎಂದು ಎರಡು ವರ್ಷದ ಹಿಂದೆ ಗೀಚಿದ್ದೆಲ್ಲ ಅವತ್ತು ನಿಜವಾಗಿ ಅರ್ಥವಾಯಿತು. ಯಾವ ಕಡೆಯಿಂದ ನೋಡಿದರೂ ಒಂದೇ ವೃತ್ತವಾಗಬೇಕಾದರೆ ಆ ವಸ್ತು ಚೆಂಡಾಗಬೇಕು. ಮಿಕ್ಕಿಗೆ ಚೆಂಡಿನ ಕಿವಿ ಹಚ್ಚಿದರೆ ಅವನು ಮಿಕ್ಕಿ ಅಲ್ಲ. ಕೊನೆಗೆ ಕಿವಿಗಳನ್ನು ತುಸು ದಪ್ಪ ಮಾಡಿ, ಎರಡೂ ಕಡೆ ಉಬ್ಬಿಸಿ, ಸ್ವಲ್ಪ ಓರೆಯಾಗಿ ಕೂರಿಸಿದೆ. ವೇದಿಕೆ ಮೇಲೆ ನಡೆದಾಗ ಮುಂದಿನ ಸಾಲಿನ ಪುಟ್ಟ ಮಕ್ಕಳು ಮಿಕ್ಕಿ ಎಂದು ಕೂಗಿದರು. ನನಗೆ ಅಷ್ಟು ಸಾಕಾಯಿತು.

ಈ ಸಮಸ್ಯೆ ಡಿಸ್ನಿಯವರಿಗೂ ಬಂದಿರಬೇಕಲ್ಲ, ಅವರೇನು ಮಾಡಿದರು ಎಂದು ಹುಡುಕುತ್ತ ಹೋದಾಗ ಆ ಮನುಷ್ಯನ ಇಡೀ ಬದುಕು ಕೈಗೆ ಸಿಕ್ಕಿತು.

ವಾಲ್ಟ್ ಹುಟ್ಟಿದ್ದು 1901ರ ಡಿಸೆಂಬರ್ 5ರಂದು ಷಿಕಾಗೊದಲ್ಲಿ. ಅಪ್ಪ ಎಲಿಯಾಸ್ ಒಂದು ಊರಲ್ಲಿ ನಿಂತವರಲ್ಲ, ಒಂದು ಕಸುಬಲ್ಲಿ ಗೆದ್ದವರಲ್ಲ. 1906ರಲ್ಲಿ ಸಂಸಾರ ಮಿಸೌರಿಯ ಮಾರ್ಸಲೀನ್ ಎಂಬ ಸಣ್ಣ ಊರಿನ ಹೊಲಕ್ಕೆ ಬಂತು. ಹಂದಿ, ಕೋಳಿ, ಮರದ ನೆರಳು ಎಂದು ಹುಡುಗ ಅಲ್ಲೇ ಚಿತ್ರ ಬರೆಯಲು ಕಲಿತ. ಹೊಲ ಕೈಬಿಟ್ಟು 1911ರಲ್ಲಿ ಕಾನ್ಸಾಸ್ ಸಿಟಿಗೆ ಬಂದಾಗ ಅಪ್ಪ ಪೇಪರ್ ಹಾಕುವ ಲೈನ್ ಕೊಂಡರು. ವಾಲ್ಟ್ ಮತ್ತು ಅಣ್ಣ ರಾಯ್ ನಸುಕಿನಲ್ಲೇ ಎದ್ದು, ಮೊಣಕಾಲುದ್ದ ಹಿಮದಲ್ಲೂ ಮನೆಮನೆಗೆ ಪತ್ರಿಕೆ ಮುಟ್ಟಿಸಬೇಕು. ಅಪ್ಪ ಅದಕ್ಕೆ ಸಂಬಳ ಕೊಡುತ್ತಿರಲಿಲ್ಲ. ತರಗತಿಯಲ್ಲಿ ಹುಡುಗನಿಗೆ ತೂಕಡಿಕೆ. ದೊಡ್ಡವನಾಗಿ ಹೆಸರು ಮಾಡಿದ ಮೇಲೂ ಯಾವುದೋ ಮನೆಗೆ ಪೇಪರ್ ಹಾಕುವುದು ಮರೆತಂತೆ ಅವನಿಗೆ ಕೆಟ್ಟ ಕನಸು ಬೀಳುತ್ತಿತ್ತಂತೆ. ನಸುಕಿಗೆ ಎದ್ದು ಪೇಪರ್, ಹಾಲು ಹಾಕಿ ಕಾಲೇಜಿಗೆ ಬರುವ ಗೆಳೆಯರು ನನಗೂ ಇದ್ದಾರೆ. ಅವರಿಗೆ ಇದು ಅರ್ಥವಾಗುತ್ತದೆ.

ಲಿಂಕನ್ ವೇಷದ ಕಾಲ ಇದೇ. ದಣಿದು ನಿದ್ದೆಗೆಟ್ಟ ಹುಡುಗನಿಗೆ ವೇಷ ಹಾಕಿದಾಗ ಮಾತ್ರ ಎಲ್ಲಿಲ್ಲದ ಹುಮ್ಮಸ್ಸು. ನೆರೆಮನೆಯ ಗೆಳೆಯ ವಾಲ್ಟ್ ಫೈಫರ್ ಜೊತೆ ಸೇರಿ ಸಣ್ಣ ಸಣ್ಣ ಪ್ರಹಸನ ಕಟ್ಟಿದ. ದೊಗಲೆ ಪ್ಯಾಂಟು, ಮೀಸೆ ಹಚ್ಚಿಕೊಂಡು ಚಾರ್ಲಿ ಚಾಪ್ಲಿನ್ ಅನುಕರಿಸಿ ಸ್ಥಳೀಯ ರಂಗಮಂದಿರಗಳ ಹವ್ಯಾಸಿ ಸ್ಪರ್ಧೆಗಳಿಗೆ ಹೋದ. ಅಪ್ಪನಿಗೆ ಇದೆಲ್ಲ ಇಷ್ಟವಿರಲಿಲ್ಲ.

1918ರಲ್ಲಿ ವಾಲ್ಟ್‌ಗೆ ಹದಿನಾರು ವರ್ಷ. ಯುದ್ಧಕ್ಕೆ ಹೋಗಲು ವಯಸ್ಸು ಸಾಲದು. ಅರ್ಜಿಯಲ್ಲಿ ಹುಟ್ಟಿದ ವರ್ಷವನ್ನು ತಿದ್ದಿ ರೆಡ್ ಕ್ರಾಸ್ ಸೇರಿ, ಯುದ್ಧ ನಿಂತ ಮೇಲೆ ಫ್ರಾನ್ಸಿನಲ್ಲಿ ಆಂಬುಲೆನ್ಸ್ ಓಡಿಸಿದ. 1919ರಲ್ಲಿ ಕಾನ್ಸಾಸ್ ಸಿಟಿಗೆ ಮರಳಿ ಒಂದು ಜಾಹೀರಾತು ಚಿತ್ರಶಾಲೆಯಲ್ಲಿ ಕೆಲಸಕ್ಕೆ ಸೇರಿದಾಗ ಅಬ್ ಐವರ್ಕ್ಸ್ ಎಂಬ ಗೆಳೆಯ ಸಿಕ್ಕ. ವಾಲ್ಟ್‌ನಷ್ಟೇ ವಯಸ್ಸು, ಕೈ ಮಾತ್ರ ವಾಲ್ಟ್‌ಗಿಂತ ಎಷ್ಟೋ ಚುರುಕು.

1922ರಲ್ಲಿ ಇಪ್ಪತ್ತರ ವಾಲ್ಟ್ ಸ್ವಂತ ಕಾರ್ಟೂನ್ ಕಂಪನಿ ತೆರೆದ. ಹೆಸರು ಲಾಫ್-ಒ-ಗ್ರಾಮ್. ಈಗ ನನಗಿರುವುದೂ ಅದೇ ವಯಸ್ಸು. ಮರುವರ್ಷವೇ ಕಂಪನಿ ದಿವಾಳಿ. ಮನೆ ಬಾಡಿಗೆಗೆ ಹಣವಿಲ್ಲದೆ ಆಫೀಸಿನಲ್ಲೇ ಮಲಗಿ, ವಾರಕ್ಕೊಮ್ಮೆ ರೈಲು ನಿಲ್ದಾಣದಲ್ಲಿ ಸ್ನಾನ ಮಾಡಿದ ದಿನಗಳವು. 1923ರಲ್ಲಿ ಜೇಬಿನಲ್ಲಿ ಸುಮಾರು 40 ಡಾಲರ್ ಇಟ್ಟುಕೊಂಡು ಹಾಲಿವುಡ್‌ಗೆ ರೈಲು ಹತ್ತಿದ. ಅಲ್ಲಿ ಅಣ್ಣ ರಾಯ್ ಜೊತೆ ಸೇರಿ ಅದೇ ಅಕ್ಟೋಬರಿನಲ್ಲಿ ಹೊಸ ಸ್ಟುಡಿಯೊ ಕಟ್ಟಿದ.

ನಾಲ್ಕು ವರ್ಷದ ನಂತರ ಆಸ್ವಾಲ್ಡ್ ಎಂಬ ಮೊಲ ಹುಟ್ಟಿತು, ಜನಕ್ಕೆ ಹಿಡಿಸಿತು. 1928ರಲ್ಲಿ ಹೆಚ್ಚಿನ ಹಣ ಕೇಳಲು ನ್ಯೂಯಾರ್ಕಿಗೆ ಹೋದ ವಾಲ್ಟ್‌ಗೆ ಆಘಾತ ಕಾದಿತ್ತು. ವಿತರಕ ಹಣ ಕಡಿಮೆ ಮಾಡುತ್ತೇನೆ ಎಂದ. ವಾಲ್ಟ್‌ನ ಹೆಚ್ಚಿನ ಚಿತ್ರಕಾರರನ್ನು ಆಗಲೇ ತನ್ನ ಕಡೆ ಸೆಳೆದುಕೊಂಡಿದ್ದ. ಮೊಲದ ಹಕ್ಕು ಕಾಗದದ ಪ್ರಕಾರ ವಾಲ್ಟ್‌ದಾಗಿರಲೇ ಇಲ್ಲ. ಕೈಯಾರೆ ಬೆಳೆಸಿದ ಪಾತ್ರ ಒಂದು ಸಹಿಯಲ್ಲಿ ಬೇರೆಯವರ ಸ್ವತ್ತು. ಅಗ್ರಿಮೆಂಟ್ ಓದದೆ ಸಹಿ ಹಾಕುವ ನಮ್ಮಂಥವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಬಿಟ್ಟುಹೋಗದೆ ಉಳಿದವರಲ್ಲಿ ಐವರ್ಕ್ಸ್ ಒಬ್ಬ. ಇಬ್ಬರೂ ಗುಟ್ಟಾಗಿ ಹೊಸ ಪಾತ್ರ ಕಟ್ಟಿದರು. ಅದೇ ಮಿಕ್ಕಿ. ತಲೆ ಒಂದು ವೃತ್ತ, ಕಿವಿ ಎರಡು ವೃತ್ತ. ದಿನಕ್ಕೆ ನೂರಾರು ಚಿತ್ರ ಬರೆಯಬೇಕಾದವನಿಗೆ ವೃತ್ತಕ್ಕಿಂತ ಸುಲಭವಾದದ್ದು ಇನ್ನೇನು? ನನ್ನನ್ನು ಮೂರು ವಾರ ಕಾಡಿದ ಕಿವಿಯ ಮೂಲ ಇಲ್ಲಿದೆ. ಬೇಗ ಬರೆಯಲಿ, ಯಾವ ಕಡೆಯಿಂದಲೂ ಗುರುತು ಸಿಗಲಿ ಎಂದು ಮಾಡಿದ ಸರಳ ಉಪಾಯ ಅದು. ಬಿಳಿ ಕೈಗವಸು ಬಂದದ್ದು 1929ರಲ್ಲಿ. ಕಪ್ಪು ಮೈಯ ಮುಂದೆ ಕಪ್ಪು ಕೈ ಕಾಣುತ್ತಿರಲಿಲ್ಲ, ಅದಕ್ಕೆ. ಕೈಗೆ ನಾಲ್ಕೇ ಬೆರಳು ಇರುವುದೂ ಬರೆಯುವ ಶ್ರಮ ಉಳಿಸಲೆಂದೇ.

ಮೊದಲೆರಡು ಮಿಕ್ಕಿ ಚಿತ್ರಗಳಿಗೆ ಕೊಳ್ಳುವವರೇ ಸಿಗಲಿಲ್ಲ, ಅವು ಮೂಕಿ. ಮೂರನೆಯದಕ್ಕೆ ಧ್ವನಿ ಜೋಡಿಸಲು ವಾಲ್ಟ್ ಹಟ ಹಿಡಿದ. ಮೊದಲ ರೆಕಾರ್ಡಿಂಗ್ ಕೆಟ್ಟಿತು. ಎರಡನೆಯದಕ್ಕೆ ಹಣ ಹೊಂದಿಸಲು ತನ್ನ ಕಾರು ಮಾರಿಸಿದ. 1928ರ ನವೆಂಬರ್ 18ರಂದು ನ್ಯೂಯಾರ್ಕಿನ ಕಾಲೊನಿ ಥಿಯೇಟರಿನಲ್ಲಿ ಸ್ಟೀಮ್‌ಬೋಟ್ ವಿಲ್ಲಿ ತೆರೆ ಕಂಡಿತು. ಮುಂದೆ ಮಿಕ್ಕಿ ಮಾತಾಡಲು ಶುರು ಮಾಡಿದಾಗ ಆ ಕೀರಲು ಧ್ವನಿ ವಾಲ್ಟ್‌ನದೇ. ಸುಮಾರು ಎರಡು ದಶಕ ಅವನೇ ಮಿಕ್ಕಿಗೆ ಧ್ವನಿ ಕೊಟ್ಟ. ಬರೆಯುವ ಕೈ ಬೇರೆಯವರದು, ಒಳಗಿದ್ದು ಮಾತಾಡುವವನು ಅವನು. ಇದೂ ಒಂದು ವೇಷವೇ ಅಲ್ಲವೇ?

ಮಿಕ್ಕಿ ಪರದೆಯಿಂದ ಇಳಿದು ಬಟ್ಟೆಯಾದ ಕಥೆ ನನಗೆ ತುಂಬ ಹಿಡಿಸಿತು. 1930ರಲ್ಲಿ ಲಾಸ್ ಏಂಜಲೀಸಿನ ಷಾರ್ಲಟ್ ಕ್ಲಾರ್ಕ್ ಎಂಬ ಹೊಲಿಗೆಯ ಹೆಂಗಸು ಮಿಕ್ಕಿಯ ಬಟ್ಟೆಗೊಂಬೆ ಮಾಡಿದಳು. ಅದಕ್ಕೆ ಬೇಕಾದ ಚಿತ್ರವನ್ನು ಅವಳ ಸಂಬಂಧಿ ಹುಡುಗ ಬಾಬ್ ಕ್ಲಾಂಪೆಟ್ ಸಿನಿಮಾ ಮಂದಿರದಲ್ಲಿ ಕೂತು ಬರೆದುಕೊಂಡು ಬಂದಿದ್ದ. ಗೊಂಬೆ ನೋಡಿ ಡಿಸ್ನಿ ಸಹೋದರರು ಮೆಚ್ಚಿ ಒಪ್ಪಿಗೆ ಕೊಟ್ಟರು. ಬೇಡಿಕೆ ಎಷ್ಟು ಹೆಚ್ಚಿತೆಂದರೆ ಹೊಲಿದು ಪೂರೈಸಲಾಗಲಿಲ್ಲ. 1932ರಲ್ಲಿ ಮೆಕಾಲ್ ಕಂಪನಿ ಬಟ್ಟೆ ಕತ್ತರಿಸುವ ಕಾಗದದ ಪ್ಯಾಟರ್ನ್ ಮಾರಾಟಕ್ಕೆ ತಂದಿತು. ಆಗ ಅಮೆರಿಕದಲ್ಲಿ ಕೆಲಸ ಸಿಗದ ಕಷ್ಟದ ಕಾಲ. ಅಂಗಡಿಯ ಗೊಂಬೆ ಕೊಳ್ಳಲಾಗದ ಮನೆಯಲ್ಲೂ ಅಮ್ಮಂದಿರು ಹಳೆ ಬಟ್ಟೆಯಲ್ಲಿ ಮಿಕ್ಕಿಯನ್ನು ಹೊಲಿದುಕೊಡಬಹುದಾಯಿತು. ಕೈಯಲ್ಲಿ ಮಾಡಿದ ಮಿಕ್ಕಿಗೆ ಹೀಗೆ ತೊಂಬತ್ತು ವರ್ಷಕ್ಕೂ ಹಳೆಯ ವಂಶಾವಳಿ ಇದೆ.

ವಾಲ್ಟ್ ಒಳ್ಳೆಯ ನಟ ಎಂದು ಅವನ ಸ್ಟುಡಿಯೊದವರಿಗೆ ಗೊತ್ತಿತ್ತು. 1934ರ ಒಂದು ಸಂಜೆ ಅವನು ತನ್ನ ಚಿತ್ರಕಾರರನ್ನು ಖಾಲಿ ವೇದಿಕೆಯ ಮುಂದೆ ಕೂರಿಸಿ ಸ್ನೋ ವೈಟ್ ಕಥೆ ಹೇಳಿದ. ಹೇಳುವುದೇನು, ರಾಣಿಯೂ ಅವನೇ, ಮಾಟಗಾತಿಯೂ ಅವನೇ, ಏಳು ಕುಳ್ಳರೂ ಅವನೇ ಆಗಿ ಗಂಟೆಗಟ್ಟಲೆ ಅಭಿನಯಿಸಿದ. ಟೋಪಿಯಿಲ್ಲ, ಗಡ್ಡವಿಲ್ಲ, ಬರೀ ಮುಖ ಮತ್ತು ಧ್ವನಿ. ಮುಂದೆ ಮೂರು ವರ್ಷ ಆ ಚಿತ್ರಕ್ಕಾಗಿ ದುಡಿದವರು ಅವತ್ತು ಕಂಡದ್ದನ್ನು ಮರೆಯಲಿಲ್ಲ. ಸುಮಾರು 15 ಲಕ್ಷ ಡಾಲರ್ ನುಂಗಿದ ಆ ಚಿತ್ರವನ್ನು ಉದ್ಯಮದ ಮಂದಿ ಡಿಸ್ನಿಯ ಹುಚ್ಚು ಎಂದು ಆಡಿಕೊಂಡಿದ್ದರು. 1937ರ ಡಿಸೆಂಬರ್ 21ರಂದು ಬಿಡುಗಡೆಯಾದ ಮೇಲೆ ಬಾಯಿ ಮುಚ್ಚಿದರು. ಮೊದಲ ಪ್ರದರ್ಶನದ ದಿನ ಥಿಯೇಟರಿನ ಹೊರಗೆ ಮಿಕ್ಕಿ ಮತ್ತು ಕುಳ್ಳರ ವೇಷ ತೊಟ್ಟವರು ಜನರನ್ನು ಸ್ವಾಗತಿಸುತ್ತಿದ್ದರು.

ಇಲ್ಲಿಗೆ ಕಥೆ ನಿಲ್ಲಿಸಿದರೆ ಅದು ಮೋಟಿವೇಷನಲ್ ಸ್ಪೀಚ್ ಆಗಿಬಿಡುತ್ತದೆ. 1938ರಲ್ಲಿ ಮಕ್ಕಳು ಕೊಡಿಸಿದ ಹೊಸ ಮನೆಯಲ್ಲಿ, ಮನೆ ಬೆಚ್ಚಗಿಡುವ ಕುಲುಮೆಯ ಅನಿಲ ಸೋರಿ ವಾಲ್ಟ್‌ನ ತಾಯಿ ಫ್ಲೋರಾ ತೀರಿಕೊಂಡರು. ಆ ನೋವಿನ ಬಗ್ಗೆ ಅವನು ಮಾತಾಡುತ್ತಲೇ ಇರಲಿಲ್ಲ. 1941ರ ಮೇ ತಿಂಗಳಲ್ಲಿ ಅವನ ಚಿತ್ರಕಾರರೇ ಸಂಬಳ ಮತ್ತು ಸಂಘದ ಹಕ್ಕಿಗಾಗಿ ಮುಷ್ಕರ ಹೂಡಿದರು. ಒಬ್ಬೊಬ್ಬರಿಗೆ ಒಂದೊಂದು ಸಂಬಳ, ಎಷ್ಟೋ ಜನರ ಹೆಸರು ತೆರೆಯ ಮೇಲೆ ಬರುತ್ತಿರಲಿಲ್ಲ. ವಾಲ್ಟ್ ಅದನ್ನು ತನಗಾದ ದ್ರೋಹ ಎಂದುಕೊಂಡ, ಮುಷ್ಕರ ಮಾಡಿದವರನ್ನು ಬಹಳ ಕಾಲ ಕ್ಷಮಿಸಲಿಲ್ಲ. ಪಾತ್ರಗಳ ಒಳಗೆ ಹೊಕ್ಕು ನೋಡಬಲ್ಲವನಿಗೆ ಪಕ್ಕದ ಮೇಜಿನಲ್ಲಿ ಕೂತವನ ಒಳಗು ಕಾಣಲಿಲ್ಲ. ನಾಳೆ ಕೆಲಸಕ್ಕೆ ಸೇರಲಿರುವ ನಾವು ಈ ಪುಟವನ್ನು ಹಾರಿಸಿ ಓದಬಾರದು.

ಈಗ ನನ್ನ ಕಿವಿಯ ಪ್ರಶ್ನೆಗೆ ಬರುತ್ತೇನೆ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಖರ್ಚು ಸುಮಾರು 1 ಕೋಟಿ 70 ಲಕ್ಷ ಡಾಲರ್. ಅಷ್ಟು ಹಣ ಸುರಿದವರ ಬಳಿ ಉದ್ಘಾಟನೆಯ ದಿನ ಮಿಕ್ಕಿಯ ಸ್ವಂತ ವೇಷ ಇರಲಿಲ್ಲ ಎಂದರೆ ನಂಬುತ್ತೀರಾ? ಐಸ್ ಕಪೇಡ್ಸ್ ಎಂಬ ಮಂಜುಗಡ್ಡೆ ಮೇಲಿನ ಸ್ಕೇಟಿಂಗ್ ಪ್ರದರ್ಶನದವರು ಮಾಡಿಸಿದ್ದ ವೇಷಗಳನ್ನು ಎರವಲು ತಂದಿದ್ದರು. ದೂರದ ಪ್ರೇಕ್ಷಕರಿಗೆಂದು ಮಾಡಿದ ಆ ತಲೆಗಳು ಮಗುವಿನ ಹತ್ತಿರ ಬಂದು ನಿಂತಾಗ ಅಷ್ಟೇನೂ ಚೆನ್ನಾಗಿ ಕಾಣುತ್ತಿರಲಿಲ್ಲ. ಹಳೆಯ ಫೋಟೊ ನೋಡಿದರೆ ನನ್ನ ಬುಟ್ಟಿ ತಲೆಯ ಮೇಲೆ ನನಗೇ ಗೌರವ ಬಂತು.

ಮುಂದೆ ಆ ವೇಷಗಳನ್ನು ತಿದ್ದುವ ಕೆಲಸ ಹೊತ್ತವರಲ್ಲಿ ಬಿಲ್ ಜಸ್ಟಿಸ್ ಒಬ್ಬರು. ಚಿಪ್ ಮತ್ತು ಡೇಲ್ ಅಳಿಲುಗಳನ್ನು ರೂಪಿಸಿದವರಲ್ಲಿ ಇವರೂ ಸೇರಿದ್ದರು. ಪಾತ್ರವನ್ನು ಕಾಗದದ ಮೇಲೆ ಬರೆದು ಬಲ್ಲವರೇ ಅದನ್ನು ತೊಡುವ ರೂಪಕ್ಕೆ ಇಳಿಸಲು ಕೂತಾಗ, ಚಿತ್ರದ ಅಳತೆಯಲ್ಲಿ ಯಾವುದನ್ನು ಬಿಡಬಹುದು, ಯಾವುದನ್ನು ಬಿಟ್ಟರೆ ಪಾತ್ರವೇ ಹೋಗುತ್ತದೆ ಎಂದು ಗೊತ್ತಿರುತ್ತದೆ. ಕಿವಿಯ ವಿಷಯದಲ್ಲಿ ಅವರಿಗೂ ಗಣಿತ ರಿಯಾಯಿತಿ ಕೊಡಲಿಲ್ಲ. ಇವತ್ತಿಗೂ ಮಿಕ್ಕಿ ವೇಷದ ಕಿವಿಗಳು ಪಕ್ಕದಿಂದ ನೋಡಿದರೆ ತೆಳುವೇ.

ಇದೇ ಬಿಲ್ ಜಸ್ಟಿಸ್ ಇನ್ನೊಂದು ಕೆಲಸವನ್ನೂ ಮಾಡಿದರು. ಮನುಷ್ಯರಂತೆ, ಪ್ರಾಣಿಗಳಂತೆ ಚಲಿಸುವ ಯಂತ್ರಗೊಂಬೆಗಳಿಗೆ ಚಲನೆ ರೂಪಿಸುವ ಕೆಲಸ. ಆಡಿಯೊ ಅನಿಮೆಟ್ರಾನಿಕ್ಸ್ ಎಂದು ಅದಕ್ಕೆ ಹೆಸರು. ಗಾಳಿಯ ಒತ್ತಡ, ತೈಲದ ಒತ್ತಡ, ವಿದ್ಯುತ್ತು ಮೂರೂ ಸೇರಿ ಗೊಂಬೆಯ ಕಣ್ಣು, ತುಟಿ, ಕೈ ಆಡಿಸಬೇಕು, ಅದು ಧ್ವನಿಗೆ ಸರಿಯಾಗಿ ಹೊಂದಬೇಕು. ಆ ತಂಡದ ವೇತಲ್ ರೋಜರ್ಸ್ ಎಂಬುವರು ಮೈಗೆ ಸಂವೇದಕಗಳಿದ್ದ ಚೌಕಟ್ಟು ತೊಟ್ಟು ಕೈಕಾಲು ಆಡಿಸಿ, ಆ ಚಲನೆಯನ್ನು ಯಂತ್ರಕ್ಕೆ ದಾಟಿಸುವ ಪ್ರಯೋಗ ಮಾಡಿದರು. ಸಾಮಾನ್ಯವಾಗಿ ಮನುಷ್ಯ ಗೊಂಬೆಯ ವೇಷ ಹಾಕುತ್ತಾನೆ. ಅಲ್ಲಿ ಗೊಂಬೆಯೇ ಮನುಷ್ಯನ ಚಲನೆಯನ್ನು ತೊಟ್ಟುಕೊಳ್ಳುತ್ತಿತ್ತು.

ಈ ತಂತ್ರದಲ್ಲಿ ಪೂರ್ಣ ಗಾತ್ರದ ಮನುಷ್ಯನೊಬ್ಬನನ್ನು ನಿಲ್ಲಿಸಬೇಕು ಎಂದು ವಾಲ್ಟ್ ಹಟ ಹಿಡಿದಾಗ ಅವನು ಯಾರನ್ನು ಆರಿಸಿರಬಹುದು? ಅಬ್ರಹಾಂ ಲಿಂಕನ್. ಬದುಕಿದ್ದ ಲಿಂಕನ್ ಮುಖದಿಂದ 1860ರಲ್ಲಿ ತೆಗೆದ ಅಚ್ಚನ್ನು ಆಧರಿಸಿ ಬ್ಲೇನ್ ಗಿಬ್ಸನ್ ಎಂಬ ಶಿಲ್ಪಿ ತಲೆ ರೂಪಿಸಿದರು. ಕುರ್ಚಿಯಿಂದ ಎದ್ದು ನಿಂತು ಭಾಷಣ ಮಾಡುವ ಲಿಂಕನ್ 1964ರ ನ್ಯೂಯಾರ್ಕ್ ವಿಶ್ವ ಮೇಳದ ಇಲಿನಾಯ್ ಮಂಟಪದಲ್ಲಿ ನಿಂತ. ಸುಲಭವಾಗಿ ನಿಲ್ಲಲಿಲ್ಲ. ಉದ್ಘಾಟನೆಯ ಹೊತ್ತಿಗೆ ಯಂತ್ರ ಕೈಕೊಟ್ಟಿತು. ಗಣ್ಯರೆಲ್ಲ ಬಂದು ಕೂತಿದ್ದರೂ ಇದು ಇನ್ನೂ ಸಿದ್ಧವಾಗಿಲ್ಲ ಎಂದು ಹೇಳಿ ವಾಲ್ಟ್ ಪ್ರದರ್ಶನ ಮುಂದಕ್ಕೆ ಹಾಕಿದ. ಸರಿಪಡಿಸಿದ ಮೇಲೆಯೇ ಪರದೆ ಸರಿದದ್ದು. 1965ರ ಜುಲೈಯಲ್ಲಿ ಡಿಸ್ನಿಲ್ಯಾಂಡಿನಲ್ಲೂ ಒಬ್ಬ ಲಿಂಕನ್ ಎದ್ದು ನಿಂತ.

ಮರುವರ್ಷ, 1966ರ ಡಿಸೆಂಬರ್ 15ರಂದು ವಾಲ್ಟ್ ಡಿಸ್ನಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ. ಬಹಳ ಸಿಗರೇಟು ಸೇದುತ್ತಿದ್ದವನು. ಅರವತ್ತೈದು ತುಂಬಿ ಹತ್ತು ದಿನವಾಗಿತ್ತು ಅಷ್ಟೆ.

ಐದನೇ ತರಗತಿಯ ರಟ್ಟಿನ ಟೋಪಿಗೂ ತೈಲದ ಒತ್ತಡದಲ್ಲಿ ಎದ್ದು ನಿಂತ ಯಂತ್ರಕ್ಕೂ ನಡುವೆ ಅರ್ಧ ಶತಮಾನ. ಎರಡರ ಹಿಂದೆ ಇದ್ದ ಆಸೆ ಒಂದೇ: ಎದುರಿಗೆ ಕೂತವನು ಒಂದು ಕ್ಷಣವಾದರೂ ಇವನು ಲಿಂಕನ್ನೇ ಎಂದು ನಂಬಬೇಕು. ಬೂಟ್ ಪಾಲಿಶ್ ಇದ್ದಾಗ ಅದರಲ್ಲಿ ಮಾಡಿದ, ಎಂಜಿನಿಯರುಗಳು ಸಿಕ್ಕಾಗ ಅವರಿಂದ ಮಾಡಿಸಿದ. ವೇಷ ಹಾಕಿದವರೆಲ್ಲ ಡಿಸ್ನಿ ಆಗುವುದಿಲ್ಲ, ಅದು ನನಗೂ ಗೊತ್ತು. ಅವನಿಗೆ ಹಣದ ಲೆಕ್ಕ ನೋಡುವ ಅಣ್ಣನಿದ್ದ, ಬರೆಯುವ ಗೆಳೆಯನಿದ್ದ. ಆದರೆ ಪರೀಕ್ಷೆಗೆ ಬಾರದ್ದೆಲ್ಲ ಟೈಂಪಾಸ್ ಎಂದು ಅಳೆಯುವ ಮೊದಲು ಆ ಟೋಪಿಯನ್ನು ಒಮ್ಮೆ ನೆನೆಯಬೇಕು.

ಮುಂದಿನ ಸೆಮಿಸ್ಟರಿಗೆ ನಮ್ಮಲ್ಲಿ ಪ್ಲೇಸ್‌ಮೆಂಟ್ ಶುರು. ಅಪ್ಪ ನನ್ನ ಓದಿಗೆ ಸಾಲ ಮಾಡಿದ್ದಾರೆ, ಕೆಲಸ ಸಿಗಲೇಬೇಕು. ರೆಸ್ಯೂಮೆಯ ಪ್ರಾಜೆಕ್ಟ್ ಪಟ್ಟಿಯಲ್ಲಿ ಮಿಕ್ಕಿಯ ತಲೆಯನ್ನೂ ಬರೆದಿದ್ದೇನೆ: ಬಳಸಿದ ವಸ್ತು, ಒಟ್ಟು ತೂಕ, ಭಾರ ಹೆಗಲಿಗೆ ಹಂಚಿದ ಬಗೆ, ಗಾಳಿಯ ವ್ಯವಸ್ಥೆ, ಕಿವಿಯ ಓರೆ. ತೆಗೆದುಹಾಕು, ನಗುತ್ತಾರೆ ಎಂದು ರೂಮ್‌ಮೇಟ್ ಹೇಳುತ್ತಿದ್ದಾನೆ. ನಕ್ಕರೆ ನಗಲಿ. ಆಮೇಲೆ ಕಿವಿ ಯಾಕೆ ಓರೆ ಎಂದು ಒಬ್ಬರಾದರೂ ಕೇಳಿದರೆ ನನ್ನ ಬಳಿ ಉತ್ತರವಿದೆ.